ತುಂಗಭದ್ರೆಯಲ್ಲಿ ಮೊಸಳೆ, ನೀರುನಾಯಿ ಎರಡೂ ಇವೆ: ಒಂದೇ ಹೊಳೆ ಇಬ್ಬರಿಗೂ ಹೇಗೆ ಸಾಲುತ್ತದೆ?

ಮಡುವಿನ ಮನೆ

ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಅದೇ ನೀರಲ್ಲಿ ಮೊಸಳೆಯೂ ಇದೆ. ರಂಗನತಿಟ್ಟಿನಲ್ಲೂ ಇದೇ ಜೋಡಿ, ದಾಂಡೇಲಿಯ ಕಾಳಿಯಲ್ಲೂ ಇದೇ. ಎರಡಕ್ಕೂ ಮೀನು ಬೇಕು, ದಂಡೆಯಲ್ಲಿ ಬಿಲ ಬೇಕು, ಮೈ ಕಾಯಿಸಲು ಬಂಡೆ ಬೇಕು. ಆದರೂ ಒಂದು ಇನ್ನೊಂದನ್ನು ಓಡಿಸಿಲ್ಲ. ಯಾಕೆ?

"ಒಂದು ಸರೀಸೃಪ, ಇನ್ನೊಂದು ಸಸ್ತನಿ" ಎಂಬ ಶಾಲೆಯ ಉತ್ತರ ಬೇಡ. ದೇಹದೊಳಗಿನ ಲೆಕ್ಕದಿಂದ ಶುರುಮಾಡಿ ದಂಡೆಯವರೆಗೂ ಬನ್ನಿ.

ಗೊಂದಲ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ಮೊಸಳೆ ಅಂದರೆ ಇಲ್ಲಿ ಸಿಹಿನೀರಿನ ಮಗ್ಗರ್, ಕ್ರೊಕೊಡೈಲಸ್ ಪಲುಸ್ಟ್ರಿಸ್. ನೀರುನಾಯಿ ಅಂದರೆ ನುಣುಪು ತುಪ್ಪಳದ ದೊಡ್ಡ ಜಾತಿ, ಲುಟ್ರೊಗೇಲ್ ಪರ್ಸ್ಪಿಸಿಲಾಟಾ. ಕೊಡಗಿನ ತೊರೆಗಳಲ್ಲಿ ಏಡಿ ಹುಡುಕುವ ಸಣ್ಣ ಉಗುರಿನ ನೀರುನಾಯಿಯ ವಿಷಯ ಇಲ್ಲಿಗೆ ತರಬೇಡಿ, ಅದರ ಬದುಕೇ ಬೇರೆ.

ಉರಗಾಸಕ್ತ

ಎಲ್ಲವೂ ಊಟದ ಲೆಕ್ಕದಿಂದ ಹೊರಡುತ್ತದೆ, ಅಲ್ಲಿಂದಲೇ ಶುರುಮಾಡೋಣ.

ನೀರುನಾಯಿಯ ತೂಕ 7ರಿಂದ 11 ಕಿಲೋ. ಮೈಶಾಖ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು, ಅದೂ ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಶಾಖ ಎಳೆಯುವ ನೀರಿನಲ್ಲಿ. ತಿಮಿಂಗಿಲ, ಸೀಲ್‌ಗಳಂತೆ ಚರ್ಮದಡಿ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಹಾಗಾಗಿ ದಿನವೂ ಕಿಲೋ ಹತ್ತಿರ ಮೀನು ಬೇಕು. ಎರಡು ದಿನ ಬೇಟೆ ಕೆಟ್ಟರೆ ಪ್ರಾಣಿ ಸೊರಗತೊಡಗುತ್ತದೆ, ಹಾಲುಣಿಸುವ ತಾಯಿಯಾದರೆ ಇನ್ನೂ ಬೇಗ.

ಮೂರು ಮೀಟರ್ ಉದ್ದದ ಮೊಸಳೆ ನೂರು ಕಿಲೋ ದಾಟಿರುತ್ತದೆ. ಆದರೆ ಅದು ತನ್ನ ಶಾಖವನ್ನು ಬಿಸಿಲಿನಿಂದ, ನೀರಿನಿಂದ ಪಡೆಯುತ್ತದೆ. ಅಷ್ಟೇ ತೂಕದ ಸಸ್ತನಿ ಸುಮ್ಮನೆ ಕೂತಾಗ ಸುಡುವ ಶಕ್ತಿಯ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿ ಇದರ ಸಂಸಾರ ನಡೆದುಹೋಗುತ್ತದೆ. ಸಾಕಿದ ವಯಸ್ಕ ಮೊಸಳೆಗೆ ವಾರಕ್ಕೊಮ್ಮೆ ಆಹಾರ ಹಾಕಿದರೂ ಸಾಕು. ತಿಂಗಳುಗಟ್ಟಲೆ ಉಪವಾಸ ಕೂತರೂ ಸಾಯುವುದಿಲ್ಲ.

ಈಗ ಆರು ಸದಸ್ಯರ ಒಂದು ನೀರುನಾಯಿ ಕುಟುಂಬ ತೆಗೆದುಕೊಳ್ಳಿ. ಎಲ್ಲ ಸೇರಿ ಐವತ್ತು-ಅರವತ್ತು ಕಿಲೋ ಮೈ, ದಿನಕ್ಕೆ ಐದಾರು ಕಿಲೋ ಮೀನು. ಅದರ ಪಕ್ಕದ ಬಂಡೆಯ ಮೇಲೆ ಅದರ ಎರಡು ಪಟ್ಟು ತೂಕದ ಒಂದೇ ಮೊಸಳೆ ಬಾಯಿ ತೆರೆದು ಬಿದ್ದಿರುತ್ತದೆ, ಅದರ ಖರ್ಚು ಈ ಕುಟುಂಬದ್ದಕ್ಕಿಂತ ತೀರಾ ಕಡಿಮೆ. ಪೈಪೋಟಿ ಎಂದು ನಾವು ಊಹಿಸುವಷ್ಟು ಪೈಪೋಟಿ ಅಲ್ಲಿಲ್ಲ.

ಹೊಳೆಸಾಲು

ಉರಗಾಸಕ್ತರ ಮಾತಿಗೆ ಬೇಟೆಯ ಕ್ರಮವನ್ನೂ ಸೇರಿಸಬೇಕು.

ನೀರುನಾಯಿ ಅಟ್ಟಿಸಿಕೊಂಡು ಹಿಡಿಯುವ ಪ್ರಾಣಿ. ಗುಂಪು ಕಟ್ಟಿ ಮೀನನ್ನು ಆಳವಿಲ್ಲದ ಕಡೆಗೆ, ಬಂಡೆಯ ಸಂದಿಗೆ ತಳ್ಳುತ್ತವೆ. ಮುಳುಗುವುದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ. ಕಲಕಿದ ನೀರಲ್ಲಿ ಮೀನಿನ ಅಲುಗಾಟ ತಿಳಿಯುವುದು ಮೀಸೆಯಿಂದ. ಬಾಲದ ಕೊನೆ ಚಪ್ಪಟೆ, ಬೆರಳ ನಡುವೆ ಜಾಲಪೊರೆ. ಹಾಗಾಗಿ ಅದಕ್ಕೆ ಬೇಕಿರುವುದು ಮಡು, ಬಂಡೆ, ಸಣ್ಣ ರಭಸ ಇವೆಲ್ಲ ಹತ್ತಿರ ಹತ್ತಿರ ಇರುವ ಹೊಳೆ. ಹಂಪಿ ಕಡೆಯ ತುಂಗಭದ್ರೆ ಹಾಗೆಯೇ ಇದೆ.

ಮೊಸಳೆ ಕಾದು ಹಿಡಿಯುವುದು. ದವಡೆಯ ಅಂಚಿನಲ್ಲಿ ಕಾಣುವ ಕಪ್ಪು ಚುಕ್ಕಿಗಳನ್ನು ಕೊಳೆ ಎಂದುಕೊಳ್ಳಬೇಡಿ, ನೀರಿನ ಅತಿ ಸಣ್ಣ ಕಂಪನವನ್ನೂ ಹಿಡಿಯುವ ಸ್ಪರ್ಶಾಂಗಗಳು ಅವು. ಗಂಟಲ ಬಳಿ ಒಂದು ಕವಾಟವಿದೆ. ನೀರೊಳಗೆ ಬಾಯಿ ತೆರೆದರೂ ಶ್ವಾಸನಾಳಕ್ಕೆ ನೀರು ನುಗ್ಗುವುದಿಲ್ಲ. ಹೃದಯಕ್ಕೆ ನಾಲ್ಕು ಕೋಣೆಗಳು ಪೂರ್ತಿಯಾಗಿವೆ, ಆದರೂ ಶ್ವಾಸಕೋಶದ ಕಡೆಗೆ ಹೋಗಬೇಕಾದ ರಕ್ತವನ್ನು ಪಕ್ಕಕ್ಕೆ ತಿರುಗಿಸುವ ದಾರಿ ಇದೆ. ಹಿಮೋಗ್ಲೋಬಿನ್ನೂ ವಿಶೇಷ: ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿದಂತೆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅಂದರೆ ಉಸಿರು ಹಿಡಿದಷ್ಟೂ, ಉಳಿದ ಆಮ್ಲಜನಕ ಜೀವಕೋಶಗಳಿಗೆ ತಲುಪುವುದು ಸಲೀಸಾಗುತ್ತದೆ. ಅಲುಗದೆ ಬಿದ್ದಿದ್ದರೆ ಒಂದು ತಾಸಿನವರೆಗೂ ಕೆಳಗಿರಬಲ್ಲದು.

ಒಂದು ಮೀನಿನ ಹಿಂದೆ ಓಡುತ್ತದೆ, ಇನ್ನೊಂದು ಮೀನು ತಾನಾಗಿ ಬರಲಿ ಎಂದು ಕೂರುತ್ತದೆ. ಒಂದೇ ಮಡುವಿನಲ್ಲಿ ಇಬ್ಬರ ಬಾಯಿಗೆ ಸಿಗುವ ಮೀನುಗಳೇ ಬಹುಪಾಲು ಬೇರೆ. ಸಾಲದ್ದಕ್ಕೆ ಮೊಸಳೆ ಆಮೆ, ಹಾವು, ನೀರುಕಾಗೆ, ನಾಯಿ, ಸತ್ತ ದನ ಯಾವುದನ್ನೂ ಬಿಡುವುದಿಲ್ಲ.

ನೀರ್ಗೋಲು

ಪುಸ್ತಕದಲ್ಲಿ ಚೆನ್ನಾಗಿದೆ. ಬಲೆ ಹಾಕುವವರನ್ನು ಕೇಳಿ ನೋಡಿ. ಮೊಸಳೆ ಬಲೆ ಹರಿಯುತ್ತದೆ, ನೀರುನಾಯಿ ಬಲೆಯೊಳಗಿನ ಮೀನನ್ನು ಅರ್ಧ ತಿಂದು ಬಿಡುತ್ತದೆ. ಮೊಸಳೆ ಬಂದ ಮಡುವಿನಲ್ಲಿ ನೀರುನಾಯಿ ನಿಲ್ಲುವುದಿಲ್ಲ ಅಂತಲೂ ಹೇಳುತ್ತಾರೆ. ಅದಕ್ಕೇನಂತೀರಿ?

ಹೊಳೆಸಾಲು

@ನೀರ್ಗೋಲು, ಬಲೆಯ ನಷ್ಟ ನಿಜ, ಅದನ್ನು ಅಲ್ಲಗಳೆಯಲಾಗದು. ನೀರುನಾಯಿ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಸಂಜೆ, ಜನರ ಓಡಾಟ ಜಾಸ್ತಿ ಇರುವಲ್ಲಿ ರಾತ್ರಿ. ಬಲೆ ಇಡೀ ರಾತ್ರಿ ನೀರಲ್ಲಿದ್ದರೆ ಸಿಕ್ಕಿಬಿದ್ದ ಮೀನಿನ ಒದ್ದಾಟವೇ ಅದಕ್ಕೆ ಕರೆಯೋಲೆ. ಬಲೆಯನ್ನು ಎರಡು ಮೂರು ತಾಸಿಗೊಮ್ಮೆ ಎತ್ತಿ ಬಿಡಿಸಿಕೊಂಡರೆ ನಷ್ಟ ಇಳಿಯುತ್ತದೆ, ಬಲೆಯಲ್ಲಿ ಪ್ರಾಣಿ ಸಿಕ್ಕಿ ಸಾಯುವುದೂ ತಪ್ಪುತ್ತದೆ. ಸಿಕ್ಕಿಬಿದ್ದ ನೀರುನಾಯಿಗೆ ಇರುವುದು ಕೆಲವೇ ನಿಮಿಷ. ಮೊಸಳೆ ಹೆಚ್ಚು ಹೊತ್ತು ತಾಳುತ್ತದೆ, ಆದರೆ ಒದ್ದಾಡಿದಷ್ಟೂ ಆ ಹೊತ್ತು ಕಡಿಮೆಯಾಗುತ್ತ ಹೋಗುತ್ತದೆ.

ಮೊಸಳೆ ಬಂದರೆ ನೀರುನಾಯಿ ನಿಲ್ಲುವುದಿಲ್ಲ ಎಂಬುದು ಅರ್ಧ ಮಾತ್ರ ಸರಿ. ಒಂಟಿ ನೀರುನಾಯಿ, ಎಳೆಯ ಮರಿ ದೊಡ್ಡ ಮೊಸಳೆಗೆ ತುತ್ತೇ. ಆದರೆ ಗುಂಪು ಹಾಗಲ್ಲ. ಕೂಗುತ್ತ ಸುತ್ತುವರಿದು, ಬಾಲದ ಕಡೆಯಿಂದ ಕಾಡಿಸಿ ಮೊಸಳೆಯನ್ನು ಬಂಡೆಯಿಂದ ನೀರಿಗೆ ಇಳಿಸುತ್ತವೆ. ಮೊಸಳೆಗೆ ಬೇಟೆ ಸಿಗುವುದು ತಾನು ಅಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಾಗ. ಆರು ಜೋಡಿ ಕಣ್ಣು ತನ್ನ ಮೇಲೇ ನೆಟ್ಟಿರುವಾಗ ಅಲ್ಲಿ ಕೂತು ಲಾಭವಿಲ್ಲ. ಮಡು ಬಿಟ್ಟು ನೀರುನಾಯಿ ಹೋಗಿದ್ದರೆ ಮೊದಲು ಸಿಡಿಮದ್ದು ಹಾಕಿ ಮೀನು ಹೊಡೆಯುವವರು ಬಂದು ಹೋಗಿದ್ದಾರಾ ನೋಡಿ. ಮದ್ದು ಸಿಡಿದ ಮಡುವಿನಲ್ಲಿ ಮರಿಮೀನೂ ಉಳಿದಿರುವುದಿಲ್ಲ. ಮೊಸಳೆ ಆ ನಷ್ಟವನ್ನು ಉಪವಾಸವಿದ್ದು ದಾಟುತ್ತದೆ. ನೀರುನಾಯಿ ದಾಟಲಾರದು.

ತತ್ತಿಗೂಡು

ದಂಡೆಯ ವಿಷಯಕ್ಕೆ ಯಾರೂ ಬಂದಿಲ್ಲ. ನನ್ನ ಮಟ್ಟಿಗೆ ಚರ್ಚೆಯ ತಿರುಳೇ ಅದು, ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಣ್ಣು ಮೊಸಳೆ ಫೆಬ್ರವರಿಯಿಂದ ಏಪ್ರಿಲ್ ನಡುವೆ, ಹೊಳೆ ಇಳಿದಾಗ, ನೀರಿನ ಅಂಚಿನಿಂದ ಸ್ವಲ್ಪ ಎತ್ತರದ ಮರಳು ಅಥವಾ ಸಡಿಲ ಮಣ್ಣಿನಲ್ಲಿ ಹಿಂಗಾಲಿನಿಂದ ಮೊಳದಷ್ಟು ಆಳದ ಗುಂಡಿ ತೋಡುತ್ತದೆ. ಸಾಮಾನ್ಯವಾಗಿ 25-30 ಮೊಟ್ಟೆ. ಮರಿ ಹೊರಬರಲು 55ರಿಂದ 75 ದಿನ, ಗೂಡು ಬೆಚ್ಚಗಿದ್ದಷ್ಟೂ ಬೇಗ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸಲು ಇವಕ್ಕೆ ಲಿಂಗ ವರ್ಣತಂತುಗಳಿಲ್ಲ, ಗೂಡಿನ ಶಾಖವೇ ತೀರ್ಮಾನಿಸುತ್ತದೆ. 31 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಣ್ಣು ಮಾತ್ರ. 32.5ರ ಆಸುಪಾಸಿನಲ್ಲಿ ಗಂಡು. 33 ದಾಟಿದರೆ ಮತ್ತೆ ಹೆಣ್ಣು ಸೇರಿಕೊಳ್ಳುತ್ತವೆ. ಒಂದೂವರೆ ಡಿಗ್ರಿಯಲ್ಲಿ ಇಡೀ ಗೂಡು ಬದಲಾಗುತ್ತದೆ! ದಂಡೆಯ ಹೊಂಗೆ, ನೀರಂಜಿಗಳನ್ನು ಕಡಿದು ನೆರಳು ತೆಗೆದರೆ, ಮರಳಿನ ಮೇಲೆ ಕಲ್ಲುಪುಡಿ ಸುರಿದರೆ, ಗೂಡು ನಾಶವಾಗದಿದ್ದರೂ ಹುಟ್ಟುವ ಮರಿಗಳ ಪಾಲು ಏರುಪೇರಾಗುತ್ತದೆ. ಮೇಲಿಂದ ನೋಡಿದರೆ ಏನೂ ಆಗಿಲ್ಲ ಎನ್ನಿಸುವ ಹಾನಿ ಇದು.

ನೀರುನಾಯಿಯ ಲೆಕ್ಕ ತದ್ವಿರುದ್ಧ. ಬಸಿರು 60-63 ದಿನ, ಅಂದರೆ ಮೊಸಳೆಯ ಕಾವಿನಷ್ಟೇ ಕಾಲ, ಆದರೆ ಭ್ರೂಣದ ಶಾಖವನ್ನು ತಾಯಿಯ ಮೈಯೇ ನೋಡಿಕೊಳ್ಳುತ್ತದೆ. ಒಂದು ಸೂಲಿಗೆ 1ರಿಂದ 5 ಮರಿ, ನಮ್ಮ ಕಡೆ ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆ, ಚಳಿಗಾಲದ ತಿಂಗಳುಗಳಲ್ಲಿ. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಈಜು ಬರುವುದಿಲ್ಲ, ತಾಯಿ ಕಲಿಸಬೇಕು. ಹಾಗಾಗಿ ಇದಕ್ಕೆ ಬೇಕಿರುವುದು ಬೋಳು ಮರಳಲ್ಲ. ಮರದ ಬೇರಿನ ಸಂದು, ಬಂಡೆಗಳ ಪೊಟರೆ, ಆಪು-ಜೊಂಡಿನ ಮರೆ ಇರುವ ಗಟ್ಟಿ ದಂಡೆ ಬೇಕು, ಅದೂ ನೀರು ಒಮ್ಮೆಲೆ ಏರಿದರೆ ಮುಳುಗದ ಎತ್ತರದಲ್ಲಿ.

ಚಳಿಗಾಲದಲ್ಲಿ ಪೊದೆ ಸವರಿದರೆ ನೀರುನಾಯಿಗೆ ಪೆಟ್ಟು, ಬೇಸಿಗೆಯಲ್ಲಿ ಮರಳು ತೆಗೆದರೆ ಮೊಸಳೆಗೆ ಪೆಟ್ಟು. ಅಣೆಕಟ್ಟಿನಿಂದ ಮಾರ್ಚ್-ಏಪ್ರಿಲ್‌ನಲ್ಲಿ ದಿಢೀರನೆ ನೀರು ಬಿಟ್ಟರೆ ಗೂಡಿನೊಳಗಿನ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಗೆ ನೀರು ತುಂಬಿಕೊಂಡರೆ ಒಳಗಿನ ಭ್ರೂಣಕ್ಕೆ ಆಮ್ಲಜನಕ ಸಿಗುವುದಿಲ್ಲ, ಅಷ್ಟೇ ಕಾರಣ. ಒಂದು ಪ್ರಾಣಿಯ ಹೆಸರಲ್ಲಿ ಮೀಸಲು ಘೋಷಿಸಿದ ಮಾತ್ರಕ್ಕೆ ಇನ್ನೊಂದರ ಕ್ಯಾಲೆಂಡರ್ ಕಾಪಾಡಿದಂತಾಗುವುದಿಲ್ಲ.

ಮಡುವಿನ ಮನೆ

ಇದನ್ನೇ ಹುಡುಕುತ್ತಿದ್ದೆ. ಇನ್ನೊಂದು ಪ್ರಶ್ನೆ. ಹೊಳೆ ಏರುವ ಸೂಚನೆ ಇದ್ದಾಗ ಗೂಡನ್ನು ಎತ್ತರಕ್ಕೆ ಸಾಗಿಸುತ್ತಾರಲ್ಲ, ಅದು ಫಲ ಕೊಡುತ್ತದೆಯೆ?

ತತ್ತಿಗೂಡು

ಮಾಡುವವರು ಗೊತ್ತಿದ್ದು ಮಾಡಿದರೆ ಕೊಡುತ್ತದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರೂ ಮುಟ್ಟುವಂತಿಲ್ಲ, ಮೊಸಳೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಮೊಟ್ಟೆಗೂ ಅದೇ ರಕ್ಷಣೆ.

ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಹಕ್ಕಿಯ ಮೊಟ್ಟೆಯನ್ನು ತಾಯಿ ಉರುಳಿಸುತ್ತಿರುತ್ತದೆ, ಮೊಸಳೆಯ ಮೊಟ್ಟೆಯನ್ನು ಉರುಳಿಸಬಾರದು. ಇಟ್ಟ ಒಂದು ದಿನದೊಳಗೆ ಭ್ರೂಣ ಚಿಪ್ಪಿನ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಹರಿದು ಅಥವಾ ಹಳದಿಯ ಭಾರಕ್ಕೆ ಸಿಕ್ಕಿ ಸಾಯುತ್ತದೆ. ಹೊರಗಿನಿಂದ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ, ಎರಡು ತಿಂಗಳು ಕಾದ ಮೇಲೆ ಮರಿ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಹಾಗಾಗಿ ಮರಳನ್ನು ಕೈಯಿಂದ ಸರಿಸಿ, ಪ್ರತಿ ಮೊಟ್ಟೆಯ ಮೇಲ್ಮುಖಕ್ಕೆ ಮೆತ್ತನೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಗೂಡಿನ ಮರಳು ತುಂಬಿದ ಡಬ್ಬದಲ್ಲಿ ಗುರುತು ಮೇಲಾಗಿಯೇ ಇಡಬೇಕು. ಸ್ಕೆಚ್ ಪೆನ್ ಬೇಡ, ಚಿಪ್ಪು ಉಸಿರಾಡುತ್ತದೆ. ಫಲಿತ ಮೊಟ್ಟೆಯ ನಡುವೆ ಸುಣ್ಣಬಿಳುಪಿನ ಪಟ್ಟಿ ಮೂಡಿರುತ್ತದೆ, ದಿನ ಕಳೆದಂತೆ ಅದು ಎರಡೂ ತುದಿಯತ್ತ ಹರಡುತ್ತದೆ. ಪಟ್ಟಿಯೇ ಇಲ್ಲದ್ದು ಜೊಳ್ಳು.

ಹೊಸ ಗುಂಡಿ ಹಳೆಯದರಷ್ಟೇ ಆಳ, ಅಷ್ಟೇ ನೆರಳು ಇರಬೇಕು. ಬರೀ ಎತ್ತರ ನೋಡಿ ಬೋಳು ಬಿಸಿಲಿನಲ್ಲಿ ಹೂತರೆ 34 ದಾಟಿ ಭ್ರೂಣಗಳು ವಿಕಾರವಾಗುತ್ತವೆ ಇಲ್ಲವೇ ಸಾಯುತ್ತವೆ. ಮತ್ತೊಂದು ತೊಡಕು ತಾಯಿ. ಮರಿಗಳು ಮೊಟ್ಟೆಯೊಳಗಿಂದ ಕೂಗಿದಾಗ ಗೂಡು ಕೆದರಿ, ಬಾಯಲ್ಲಿ ಹಿಡಿದು ನೀರಿಗೆ ಬಿಡುವುದು ಅದೇ. ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ಗಂಡೂ ಈ ಕೆಲಸಕ್ಕೆ ಕೈಹಾಕಿದ್ದು ದಾಖಲಾಗಿದೆ. ಗೂಡು ಸಾಗಿಸಿದ ಮೇಲೆ ಆ ಕೂಗು ಕೇಳಿ ಮೇಲೆ ಕೆದರಿಕೊಡಲು ಮನುಷ್ಯರೇ ಕಾಯಬೇಕು. ಕಾಯದಿದ್ದರೆ ಗಟ್ಟಿಯಾದ ಮಣ್ಣಿನಡಿ ಮರಿಗಳು ಸಿಕ್ಕಿಹಾಕಿಕೊಳ್ಳುತ್ತವೆ, ಹೊರಬಂದವನ್ನು ಉಡ, ಮುಂಗುಸಿ, ನರಿ ಎತ್ತಿಕೊಂಡು ಹೋಗುತ್ತವೆ.

ಪಶುವೈದ್ಯಕೀಯ ಮೂಲೆ

ಸೆರೆ, ಸಾಗಣೆ, ಆರೈಕೆಗೆ ಬಂದರೆ ಇವೆರಡರ ವ್ಯತ್ಯಾಸ ಪ್ರಾಣ ತೆಗೆಯುವಷ್ಟು ದೊಡ್ಡದು. ಮೂರ್ನಾಲ್ಕು ಮಾತು ಹೇಳುತ್ತೇನೆ.

ಮೊಸಳೆಯ ಸ್ನಾಯು ಜೋರಾಗಿ ದುಡಿಯುವುದು ಆಮ್ಲಜನಕ ಇಲ್ಲದ ದಾರಿಯಲ್ಲಿ. ಕೆಲವು ನಿಮಿಷ ಭಯಂಕರ ಬಲ, ಆಮೇಲೆ ರಕ್ತದ ತುಂಬ ಲ್ಯಾಕ್ಟಿಕ್ ಆಮ್ಲ. ಹಗ್ಗ ಹಾಕಿ "ದಣಿಯಲಿ ಬಿಡು" ಎಂದು ಅರ್ಧ ತಾಸು ಎಳೆದಾಡಿದರೆ, ಹಿಡಿದಾಗ ಬದುಕಿದ್ದ ಪ್ರಾಣಿ ಕೆಲವು ತಾಸಿನ ನಂತರ ಸಾಯಬಹುದು. ಚಿಕ್ಕದಾಗಿ, ಬೇಗ ಮುಗಿಸಬೇಕು. ಕಚ್ಚುವ ಸ್ನಾಯು ದೈತ್ಯ, ಬಾಯಿ ತೆರೆಯುವ ಸ್ನಾಯು ದುರ್ಬಲ. ಹಾಗಾಗಿ ಮೂತಿಗೆ ನಾಲ್ಕು ಸುತ್ತು ಟೇಪ್ ಸಾಕು, ಮೂಗಿನ ಹೊಳ್ಳೆ ಮುಚ್ಚಬಾರದು. ಕಣ್ಣಿಗೆ ಒದ್ದೆ ಬಟ್ಟೆ ಹೊದಿಸಿದರೆ ಅರ್ಧ ಒದ್ದಾಟ ನಿಲ್ಲುತ್ತದೆ. ಬಿಸಿಲಿನಲ್ಲಿ ತೆರೆದ ವಾಹನದಲ್ಲಿ ಒಯ್ಯಬಾರದು, ನೆರಳಿಗೆ ಸರಿಯಲಾಗದಂತೆ ಕಟ್ಟಿಹಾಕಿದ ಸರೀಸೃಪಕ್ಕೆ ಮೈ ತಣಿಸಿಕೊಳ್ಳುವ ದಾರಿಯೇ ಇಲ್ಲ.

ನೀರುನಾಯಿಯನ್ನು ಕಟ್ಟಲೇಬಾರದು. ಗಾಳಿಯಾಡುವ ಪೆಟ್ಟಿಗೆ, ಒಣ ಹಾಸು, ಕತ್ತಲೆ. ಗಾಬರಿಗೆ ಮೈಶಾಖ ನಿಮಿಷಗಳಲ್ಲಿ ಏರುತ್ತದೆ. ಜನ ಸಾಮಾನ್ಯವಾಗಿ ಮಾಡುವ ತಪ್ಪು, ನೀರಿನ ಪ್ರಾಣಿಯೆಂದು ಸಿಮೆಂಟು ತೊಟ್ಟಿಯಲ್ಲಿ ಬಿಡುವುದು. ಅದರ ಹೊರಗೂದಲು 12-14 ಮಿ.ಮೀ., ಒಳತುಪ್ಪಳ 6-8 ಮಿ.ಮೀ. ಮಾತ್ರ. ಆ ಒಳತುಪ್ಪಳದಲ್ಲಿ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ. ಮರಳಲ್ಲಿ, ಒಣಹುಲ್ಲಲ್ಲಿ ಹೊರಳಿ ಒಣಗಿಸಿಕೊಳ್ಳಲು ಜಾಗವಿಲ್ಲದಿದ್ದರೆ ತುಪ್ಪಳ ನೀರು ಹೀರತೊಡಗುತ್ತದೆ, ಮೈ ತಣ್ಣಗಾಗುತ್ತದೆ, ಕೊನೆಗೆ ನ್ಯುಮೋನಿಯಾ. ಸಾಕುವ ಆವರಣದಲ್ಲಿ ನೀರಿಗಿಂತ ಒಣ ನೆಲ ಮೂರ್ನಾಲ್ಕು ಪಟ್ಟು ಇರಬೇಕು.

ಆಹಾರ: ಶೀತಲೀಕರಿಸಿದ ಮೀನನ್ನೇ ಹಾಕುತ್ತಿದ್ದರೆ ನೀರುನಾಯಿಗೆ ಬಿ1 ಜೀವಸತ್ವದ ಕೊರತೆ ಬರುತ್ತದೆ, ಕೆಲವು ಮೀನುಗಳಲ್ಲಿರುವ ಕಿಣ್ವವೇ ಅದನ್ನು ಒಡೆಯುತ್ತದೆ. ಕಿಲೋ ಮೀನಿಗೆ 25-35 ಮಿ.ಗ್ರಾಂ ಥಯಾಮಿನ್ ಸೇರಿಸುವುದು ರೂಢಿ. ಮೊಸಳೆ ಮರಿಯ ತೊಂದರೆ ಬೇರೆ. ಮೊದಲ ದಿನಗಳಲ್ಲಿ ಹೊಟ್ಟೆಯೊಳಗೆ ಉಳಿದ ಹಳದಿಯೇ ಅದಕ್ಕೆ ಊಟ, ತಿನ್ನುತ್ತಿಲ್ಲ ಎಂದು ಬಲವಂತವಾಗಿ ತುರುಕಬಾರದು. ನೀರು 30 ಡಿಗ್ರಿಗಿಂತ ತುಂಬ ಕೆಳಗಿಳಿದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ನೀರ್ಗೋಲು

ಸರಿ, ಒಪ್ಪಿದೆ. ಒಂದು ಉಳಿಯಿತು. ಎರಡರಲ್ಲಿ ಯಾವುದು ಮೊದಲು ಇಲ್ಲವಾಗುತ್ತದೆ?

ಉರಗಾಸಕ್ತ

ಹಾನಿ ಯಾವುದು ಎಂಬುದರ ಮೇಲೆ. ಮೀನು ಖಾಲಿಯಾದರೆ, ಹೊಳೆಗೆ ಕೀಟನಾಶಕ ಹರಿದರೆ ನೀರುನಾಯಿ ಮೊದಲು, ಅದೂ ಒಂದೆರಡು ವರ್ಷದೊಳಗೆ. ಆದರೆ ಪರಿಸ್ಥಿತಿ ಸುಧಾರಿಸಿದರೆ ಅದು ಬೇಗ ಮರಳುತ್ತದೆ, ಎರಡು ಮೂರು ವರ್ಷಕ್ಕೆ ಪ್ರಾಯಕ್ಕೆ ಬರುವ ಪ್ರಾಣಿ.

ಮರಳು ಹೋದರೆ ಮೊಸಳೆ. ಅಪಾಯವೆಂದರೆ ಅದು ಹೋಗುತ್ತಿರುವುದು ಕಾಣುವುದಿಲ್ಲ. ದೊಡ್ಡ ಮೊಸಳೆ ನಲವತ್ತು ವರ್ಷ ಮೇಲ್ಪಟ್ಟು ಬದುಕುತ್ತದೆ. ಹತ್ತು ವರ್ಷ ಒಂದು ಗೂಡೂ ಫಲಿಸದಿದ್ದರೂ ಬಂಡೆಯ ಮೇಲೆ ಅವೇ ಹಳೆಯ ಮೊಸಳೆಗಳು ಬಿದ್ದಿರುತ್ತವೆ, ಪತ್ರಿಕೆಯಲ್ಲಿ "ಮೊಸಳೆಗಳ ಸಂಖ್ಯೆ ಹೆಚ್ಚಳ" ಎಂದು ಬರುತ್ತಿರುತ್ತದೆ. ಎಣಿಸಬೇಕಾದದ್ದು ದೊಡ್ಡವನ್ನಲ್ಲ, ಒಂದು ಮೀಟರಿಗಿಂತ ಚಿಕ್ಕವನ್ನು.

ಹೊಳೆಸಾಲು

ಎಣಿಕೆಯ ಮಾತು ಬಂತು, ಹಾಗಾಗಿ ವಿಧಾನವನ್ನೂ ಹೇಳಿಬಿಡುತ್ತೇನೆ. ಎರಡನ್ನೂ ಒಂದೇ ದೋಣಿ ಪ್ರಯಾಣದಲ್ಲಿ ಎಣಿಸಲು ಹೋಗುವುದರಿಂದಲೇ ಅಂಕಿಗಳು ಹಾಳಾಗುವುದು.

ಮೊಸಳೆಗೆ ಡಿಸೆಂಬರ್-ಫೆಬ್ರವರಿಯ ಚಳಿ ಮುಂಜಾನೆ ಒಳ್ಳೆಯದು, ಬಿಸಿಲು ಕಾಯಿಸಲು ಹೊರಗೆ ಬಂದಿರುತ್ತವೆ. ಮೇ ತಿಂಗಳಲ್ಲಿ ನಡುಹಗಲು ಎಣಿಸಿದರೆ ಮುಕ್ಕಾಲು ಪಾಲು ನೀರಲ್ಲಿ, ಬಿಲದಲ್ಲಿ. ಮರಿಗಳನ್ನು ನೋಡಲು ರಾತ್ರಿ ಟಾರ್ಚು ಬೇಕು. ಕಣ್ಣಿನ ಹಿಂದಿನ ಪೊರೆ ಬೆಳಕನ್ನು ಕೆಂಪು-ಕಿತ್ತಳೆಯಾಗಿ ಹಿಂತಿರುಗಿಸುತ್ತದೆ. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲೇ ಹಿಡಿಯಿರಿ, ಸೊಂಟದ ಹತ್ತಿರ ಹಿಡಿದರೆ ಹೊಳಪು ನಿಮಗೆ ಕಾಣುವುದಿಲ್ಲ.

ನೀರುನಾಯಿಗೆ ಪ್ರಾಣಿಯನ್ನಲ್ಲ, ಗುರುತನ್ನು ಹುಡುಕಬೇಕು. ದಂಡೆಯನ್ನು 600 ಮೀಟರ್ ತುಂಡುಗಳಾಗಿ ಮಾಡಿ ನಡೆದು ಹಿಕ್ಕೆ, ಹೆಜ್ಜೆ ನೋಡುವುದು ಯುರೋಪಿನಲ್ಲಿ ಬೇರೂರಿದ ಕ್ರಮ, ಇಲ್ಲೂ ನಡೆಯುತ್ತದೆ. ಹೆಜ್ಜೆಯಲ್ಲಿ ಐದು ಬೆರಳು, ನಾಯಿಯದರಲ್ಲಿ ನಾಲ್ಕು. ಮೊಸಳೆಯದು ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು, ಒಳಬದಿಯ ಮೂರಕ್ಕೆ ಮಾತ್ರ ಉಗುರು, ನಡುವೆ ಬಾಲ ಎಳೆದ ಗೀರು.

ಹಿಕ್ಕೆ ಅನುಮಾನ ಬಂದರೆ ಕಡ್ಡಿಯಿಂದ ಒಡೆದು ನೋಡಿ. ನೀರುನಾಯಿಯದು ಕಪ್ಪು, ಅಂಟು, ಮೀನಿನ ವಾಸನೆ, ತುಂಬ ಹುರುಪೆ ಮತ್ತು ಸಣ್ಣ ಮುಳ್ಳು. ಗುಂಪೆಲ್ಲ ಒಂದೇ ಬಂಡೆಯ ಮೇಲೆ ಹಾಕುತ್ತವೆ, ಹೊಸದರ ಪಕ್ಕದಲ್ಲೇ ಹಳೆಯದು ಒಣಗಿ ಬರೀ ಹುರುಪೆಯ ರಾಶಿಯಾಗಿ ಉಳಿದಿರುತ್ತದೆ. ಮೊಸಳೆಯದು ಒಣಗಿದಾಗ ಸುಣ್ಣದಂತೆ ಬೆಳ್ಳಗೆ, ಮುರಿದರೆ ಪುಡಿ. ಅದರ ಜಠರದ ಆಮ್ಲ ಮೂಳೆಯನ್ನೂ ಕರಗಿಸುತ್ತದೆ, ಹಾಗಾಗಿ ಒಳಗೆ ಮುಳ್ಳು ಸಿಗುವುದಿಲ್ಲ. ಕರಗದೆ ಉಳಿಯುವುದು ಕೂದಲು, ಗರಿ, ಗೊರಸಿನ ಚೂರು. ಬೆಳ್ಳಗಿನ ಪುಡಿಯೊಳಗೆ ಕಂದು ಕೂದಲು ಸಿಕ್ಕರೆ ಕೈಚೀಲಕ್ಕೆ ಹಾಕಿಕೊಳ್ಳಿ, ಸೂಕ್ಷ್ಮದರ್ಶಕದ ಕೆಳಗೆ ಅದು ಯಾವ ಪ್ರಾಣಿಯದೆಂದು ಹೇಳಬಹುದು. ನೀರುನಾಯಿಯದೇ ಆಗಿದ್ದರೆ ನೀರ್ಗೋಲು ಅವರ ಮೊದಲ ಪ್ರಶ್ನೆಗೆ ಆ ದಂಡೆಯ ಮಟ್ಟಿಗೆ ಪುರಾವೆಯೂ ಸಿಕ್ಕಂತಾಯಿತು.